ಕ್ಯಾರೆಟ್ ಪಾತಿಗೆ ಒಂದು ಹೊರೆ ದರಕು

ನಮ್ಮ ಹಿತ್ತಿಲಿನ ಕ್ಯಾರೆಟ್ ಪಾತಿ ಎಂದರೆ ಆರಡಿ ಉದ್ದ, ಮೂರಡಿ ಅಗಲದ ಜಾಗ. ಸುತ್ತ ಮೊಣಕಾಲೆತ್ತರಕ್ಕೆ ಇಟ್ಟಿಗೆ, ಒಳಗೆ ಜರಡಿ ಹಿಡಿದ ಮಣ್ಣು. ಅಷ್ಟು ಸಣ್ಣ ಜಾಗಕ್ಕಾಗಿ ನಾನು ನನ್ನ ಅತ್ತೆಯ ಜೀವಕ್ಕೆ ಕುತ್ತು ತಂದೆ. ಮನೆಯಲ್ಲಿ ಯಾರೂ ಇದನ್ನು ಹೀಗೆ ಹೇಳುವುದಿಲ್ಲ. ಗಂಡ "ಆಯಿಗೆ ಜ್ವರ ಬಂದ ವರ್ಷ" ಎನ್ನುತ್ತಾನೆ. ಮಗಳು "ಅಜ್ಜಿ ಆಸ್ಪತ್ರೆಯಲ್ಲಿದ್ದಾಗ" ಎನ್ನುತ್ತಾಳೆ. ಹೀಗೆ ಹೇಳಬೇಕಾದವಳು ನಾನೊಬ್ಬಳೇ, ಹಾಗಾಗಿ ನಾನೇ ಬರೆಯುತ್ತಿದ್ದೇನೆ.

ನಾನು ಬಯಲುಸೀಮೆಗೆ ತಾಗಿದ ದಾಸನಕೊಪ್ಪದ ಕಡೆಯವಳು. ನಮ್ಮ ತವರಿನಲ್ಲಿ ಕ್ಯಾರೆಟ್‌ಗೆ ಗಜ್ಜರಿ ಎನ್ನುತ್ತಾರೆ. ರೊಟ್ಟಿ ಊಟಕ್ಕೆ ಕುಳಿತರೆ ತಟ್ಟೆಯ ಅಂಚಿನಲ್ಲಿ ಹಸಿ ಗಜ್ಜರಿ ಇರಬೇಕು, ಇಲ್ಲದಿದ್ದರೆ ನನಗೆ ಉಂಡ ಹಾಗಾಗುವುದಿಲ್ಲ. ಮದುವೆಯಾಗಿ ಬಂದದ್ದು ಸಿದ್ದಾಪುರ ತಾಲೂಕಿನ ಹೇರೂರು ಕಡೆಯ ಮನೆಗೆ. ಮನೆಯವರು ಒಪ್ಪುವ ಮೊದಲೇ ನಾವಿಬ್ಬರು ಒಪ್ಪಿಕೊಂಡು ಆದ ಮದುವೆ. ಬಂದ ಮೊದಲ ತಿಂಗಳಲ್ಲೇ ಅತ್ತೆ ಪಕ್ಕದ ಮನೆಯವರ ಹತ್ತಿರ, "ಬಯಲುಸೀಮೆ ಬದಿ ಕೂಸು, ಅದಕ್ಕೆಂತ ಗೊತ್ತಿರ್ತು" ಎಂದದ್ದು ನನ್ನ ಕಿವಿಗೆ ಬಿತ್ತು. ಬೇರೆ ಯಾರಾದರೂ ಆಗಿದ್ದರೆ ಎರಡು ದಿನ ಮುಖ ಊದಿಸಿಕೊಂಡು ಮೂರನೆಯ ದಿನ ಮರೆಯುತ್ತಿದ್ದರು. ನನಗೆ ಮೊದಲಿನಿಂದಲೂ ಜಂಭ ಸ್ವಲ್ಪ ಹೆಚ್ಚು. ಇನ್ನು ಈ ಹೆಂಗಸಿನ ಹತ್ತಿರ ಏನನ್ನೂ ಕೇಳುವುದಿಲ್ಲ ಎಂದು ಅವತ್ತೇ ನಿಶ್ಚಯಿಸಿದೆ.

ಅದನ್ನು ಹದಿನಾಲ್ಕು ವರ್ಷ ನಡೆಸಿದೆ ಎಂದರೆ ನೀವು ನಗಬಹುದು. ತಂಬುಳಿ ಮಾಡುವುದನ್ನು ಪಕ್ಕದ ಮನೆಯವರಿಂದ ಕಲಿತೆ. ಮಗಳು ಹುಟ್ಟಿದಾಗ ಮೈಗೆ ಎಣ್ಣೆ ಹಚ್ಚಿ ಮೀಯಿಸುವುದನ್ನು ನನ್ನಮ್ಮನಿಗೆ ಫೋನ್ ಮಾಡಿ ಕೇಳಿಕೊಂಡೆ, ಅತ್ತೆ ಅದೇ ಕೋಣೆಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದರೂ ಕೂಡ. ಆಮೇಲೆ ನಾವು ಸಿದ್ದಾಪುರ ಪೇಟೆಯ ಅಂಚಿನಲ್ಲಿ ಬೇರೆ ಮನೆ ಮಾಡಿದೆವು, ಮಾವ ತೀರಿಕೊಂಡ ಮೇಲೆ ಅತ್ತೆಯೂ ಅಲ್ಲಿಗೇ ಬಂದರು. ಜಗಳ ಎಂದೂ ಆಗಲಿಲ್ಲ. ಒಂದೇ ಬಸ್ಸಿನಲ್ಲಿ ಅಕ್ಕಪಕ್ಕ ಕೂತ ಪರಿಚಯವಿಲ್ಲದ ಇಬ್ಬರ ಹಾಗೆ ಮರ್ಯಾದೆಯಿಂದ ಇದ್ದೆವು. ಅವರೇ ಆಗಾಗ, "ಎಂತಾದ್ರೂ ಮಾಡಿ ಕೊಡವನೇ?" ಎಂದು ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. "ಏನೂ ಬ್ಯಾಡ್ರಿ ಅತ್ತಿ, ಆತು" ಎನ್ನುತ್ತಿದ್ದೆ. ಆ "ಆತು" ಎನ್ನುವಾಗ ನನಗೊಂದು ಸಣ್ಣ ಗೆಲುವಿನ ಖುಷಿ ಇರುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಕ್ಯಾರೆಟ್ ಬೆಳೆಯುವ ಹುಚ್ಚು ಹಿಡಿದದ್ದೂ ಜಂಭದಿಂದಲೇ. ನಮ್ಮದು ಕೆಂಪು ಕಲ್ಲಿನ ನೆಲ. ಗುದ್ದಲಿ ಹಾಕಿದರೆ ಠಣ್ಣೆನ್ನುತ್ತದೆ. ಇಲ್ಲಿ ಕ್ಯಾರೆಟ್ ಆಗುವುದಿಲ್ಲ ಎಂದು ಎಲ್ಲರೂ ಹೇಳಿದರು, ಅಷ್ಟು ಸಾಕಾಯಿತು. ಮೊದಲ ವರ್ಷ ಬಂದವು ಹೆಬ್ಬೆರಳಿನಷ್ಟು ಇದ್ದವು, ಕಲ್ಲಿಗೆ ತಾಗಿ ಎರಡು ಕಾಲು ಮೂರು ಕಾಲಾಗಿ ಒಡೆದಿದ್ದವು. ಎರಡನೆಯ ವರ್ಷ ಹಸಿ ಸಗಣಿ ಗೊಬ್ಬರ ಹೆಚ್ಚಾಗಿ ಮೈತುಂಬ ಬೇರು ಬಂದು ಗಡ್ಡ ಬಿಟ್ಟ ಹಾಗಾದವು. ಮೂರನೆಯ ವರ್ಷ ಬೀಜವನ್ನು ಇರುವೆ ಹೊತ್ತುಕೊಂಡು ಹೋಯಿತು. ನಾಲ್ಕನೆಯ ವರ್ಷ ಇಟ್ಟಿಗೆ ಕಟ್ಟಿ, ಮಣ್ಣನ್ನು ಜರಡಿ ಹಿಡಿದು, ಹಳ್ಳದ ಮರಳು, ಹಳೆಯ ಗೊಬ್ಬರ, ಒಲೆಯ ಬೂದಿ ಸೇರಿಸಿ ದೀಪಾವಳಿ ಮುಗಿದ ವಾರ ಬೀಜ ಹಾಕಿದೆ. ಬೀಜ ಮೇಲೇಳುವವರೆಗೆ ಗೋಣಿತಾಟು ಮುಚ್ಚಿ ದಿನಕ್ಕೆರಡು ಸಲ ನೀರು ಚಿಮುಕಿಸಿದೆ. ಬಂದವು ನೋಡಿ, ಸಬ್ಬಸಿಗೆ ಸೊಪ್ಪಿನಂಥ ಎಲೆ, ಸಾಲು ಸಾಲು. ಒತ್ತಾಗಿದ್ದಲ್ಲಿ ಕಿತ್ತು ತೆಳು ಮಾಡುವಾಗ ಎರಡೂವರೆ ಇಂಚಿನ ಎಳೆ ಕ್ಯಾರೆಟ್ ಒಂದು ನೆಟ್ಟಗೆ ಬಂತು. ಅದನ್ನು ತೊಳೆಯದೆಯೇ ತಿಂದೆ.

ಅತ್ತೆ ಜಗುಲಿಯಿಂದ ನೋಡುತ್ತಿದ್ದರು. ಅವರಿಗೆ ಕ್ಯಾರೆಟ್ ಅಂದರೆ ಅಷ್ಟಕ್ಕಷ್ಟೆ. ಶ್ರಾದ್ಧಕ್ಕೆ ಆಗದ ತರಕಾರಿ, ಪೇಟೆ ತರಕಾರಿ ಎಂಬ ಲೆಕ್ಕ. ಸಾಂಬಾರಿನಲ್ಲಿ ಬಂದರೆ ತಟ್ಟೆಯ ಬದಿಗೆ ಸರಿಸುತ್ತಿದ್ದರು.

ಜನವರಿಯಲ್ಲಿ ಒಂದು ತೊಂದರೆ ಕಾಣಿಸಿತು. ದಿನಾ ನೀರು ಹಾಕಿ ಹಾಕಿ ಮೇಲಿನ ಮಣ್ಣು ಇಳಿದು, ಕ್ಯಾರೆಟ್‌ಗಳ ಹೆಗಲು ಹೊರಗೆ ಬಂದಿತ್ತು. ಬಿಸಿಲು ತಾಗಿದ ಕಡೆ ಹಸಿರಾಗುತ್ತಿತ್ತು. ಹಸಿರಾದದ್ದು ಕಹಿ. ಎರಡು ಬುಟ್ಟಿ ಮಣ್ಣು ಜರಡಿ ಹಿಡಿದು ಏರಿಸಿದ್ದರೆ ಮುಗಿದು ಹೋಗುತ್ತಿತ್ತು. ಆದರೆ ಆ ಮಣ್ಣು ಜರಡಿ ಹಿಡಿಯುವುದೆಂದರೆ ಸೊಂಟ ಬಿದ್ದುಹೋಗುವ ಕೆಲಸ, ನನಗೆ ಬೇಜಾರು ಬಂತು. ಈ ಊರಿನಲ್ಲಿ ಯಾವ ಗಿಡಕ್ಕೆ ಏನೇ ಆದರೂ ಮೊದಲು ಹೇಳುವ ಮದ್ದು ಒಂದೇ, ಬುಡಕ್ಕೆ ದರಕು ಹಾಕು ಎಂದು. ಕಾಡಿನಲ್ಲಿ ಉದುರಿದ ಒಣ ಎಲೆಗೆ ಇಲ್ಲಿ ದರಕು ಎನ್ನುತ್ತಾರೆ. ಚಳಿಗಾಲ ಮುಗಿಯುತ್ತಿದ್ದಂತೆ ಮನೆಮನೆಯವರು ಬೆಟ್ಟಕ್ಕೆ ಹೋಗಿ ಗುಡಿಸಿ ಹೊರೆ ಕಟ್ಟಿ ತರುತ್ತಾರೆ, ಕೊಟ್ಟಿಗೆಗೆ, ಗೊಬ್ಬರಕ್ಕೆ, ಗಿಡದ ಬುಡಕ್ಕೆ. ಅದನ್ನು ಗುಡಿಸುವುದಕ್ಕೂ ಒಂದು ಕ್ರಮವಿದೆ. ಇಬ್ಬನಿ ಆರುವ ಮುಂಚೆ ಗುಡಿಸಬೇಕು, ಬಿಸಿಲೇರಿದರೆ ಎಲೆ ಪುಡಿಯಾಗುತ್ತದೆ. ಹೇರೂರಿನ ಕಡೆ ಇದರಲ್ಲಿ ನಮ್ಮ ಅತ್ತೆಯದು ಎತ್ತಿದ ಕೈ ಎಂದು ಗಂಡ ಹೇಳುತ್ತಿದ್ದ.

ಆ ಭಾನುವಾರ ಪಾತಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತಿದ್ದವಳು ಯೋಚನೆ ಮಾಡದೆಯೇ ಜಗುಲಿಯ ಕಡೆ ತಿರುಗಿ ಕೇಳಿಬಿಟ್ಟೆ.

"ಅತ್ತಿ, ಇದಕ್ಕ ಒಂದ್ ಹೊರಿ ದರಕು ಸಿಗ್ತಾವೇನ್ರಿ?"

ಅತ್ತೆ ಕೈಯಲ್ಲಿದ್ದ ಹೂವಿನ ದಂಡೆಯನ್ನು ಕೆಳಗಿಟ್ಟು ಎದ್ದು ಬಂದು, ಪಾತಿಯನ್ನು ನೋಡಿ, "ಎಂತಕ್ಕೆ ಸಿಗ್ತಿಲ್ಲೆ? ಮನೆ ಹಿಂದೇ ಬೆಟ್ಟ ಇದ್ದಲೆ. ಮಂಗಳವಾರ ಬೆಳಗ್ಗೆ ಆನು ಹೋಗ್ತೆ" ಎಂದರು. ಅವರ ಧ್ವನಿ ಯಾಕೋ ಗಟ್ಟಿಯಾಗಿತ್ತು. ಆಗ ನಾನದನ್ನು ಗಮನಿಸಿದೆ, ಆದರೆ ಅದರ ಬಗ್ಗೆ ಯೋಚಿಸಲಿಲ್ಲ.

ಸೋಮವಾರ ಅಂಗಡಿಗೆ ಹೋದೆ. ಕಚೇರಿಗಳ ಸಾಲಿನ ಎದುರಿಗೆ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಅರ್ಜಿ ಟೈಪ್ ಮಾಡಿ ಕೊಡುವುದು, ಪಹಣಿ ಪ್ರಿಂಟ್ ತೆಗೆದುಕೊಡುವುದು ನನ್ನ ಕೆಲಸ. ಮಧ್ಯಾಹ್ನದ ಹೊತ್ತಿಗೆ ನಮ್ಮ ಬದಿಗೆ ಬರುವ ಆಶಾ ಕಾರ್ಯಕರ್ತೆ ಒಂದು ಹಾಳೆ ಹಿಡಿದು ಬಂದಳು.

"ಅಕ್ಕಾ, ಇದರದ್ದು ನೂರು ಕಾಪಿ ಬೇಕಿತ್ತು, ಬೇಗ. ನಿಮ್ಮ ಮನೆ ಹಿಂದಿನ ಬೆಟ್ಟದಲ್ಲೇ ಮಂಗ ಸತ್ತಿದ್ದು ಸಿಕ್ಕಿದೆ, ಗೊತ್ತಾಯ್ತಾ?"

ಮಂಗನ ಕಾಯಿಲೆ ನಮ್ಮ ತಾಲೂಕಿಗೆ ಹೊಸದಲ್ಲ. ಚಳಿಗಾಲ ಕಳೆಯುವಾಗ ಎಲ್ಲಾದರೂ ಮಂಗ ಸತ್ತ ಸುದ್ದಿ ಬಂದರೆ ಊರಿನ ಮುಖವೇ ಬೇರೆಯಾಗುತ್ತದೆ. ಮಂಗನ ಮೈಯಿಂದ ಉದುರಿದ ಉಣುಗು, ಅಂದರೆ ಉಣ್ಣೆ ಹುಳ, ಒಣ ಎಲೆಯ ಅಡಿಯಲ್ಲಿರುತ್ತದೆ, ಅದು ಕಚ್ಚಿದರೆ ಜ್ವರ. ಉಳಿದವರು ಎಷ್ಟೋ ಮಂದಿ, ಉಳಿಯದವರೂ ಇದ್ದಾರೆ. ನಾನು ಮಷಿನ್ನಿನ ಮುಂದೆ ನಿಂತು ನೂರು ಹಾಳೆ ತೆಗೆದೆ. ಒಂದೊಂದು ಹಾಳೆ ಹೊರಗೆ ಬರುವಾಗಲೂ ಅದೇ ಸಾಲು ಕಣ್ಣಿಗೆ ಬೀಳುತ್ತಿತ್ತು. ಒಣ ಎಲೆ ಗುಡಿಸಲು ಕಾಡಿಗೆ ಹೋಗಬೇಡಿ. ದಿಢೀರ್ ಜ್ವರ, ತೀವ್ರ ತಲೆನೋವು, ಸೊಂಟ ಮತ್ತು ಮೈಕೈ ನೋವು, ಕಣ್ಣು ಕೆಂಪಾಗುವುದು, ವಸಡಿನಲ್ಲಿ ರಕ್ತ. ನೂರು ಸಲ ನೋಡಿದ್ದನ್ನು ಮರೆತೆ ಎನ್ನುವ ಹಾಗಿಲ್ಲ.

ಮನೆಗೆ ಒಂದು ಫೋನ್ ಮಾಡಿದ್ದರೆ ಆಗುತ್ತಿತ್ತು. ಸಂಜೆ ಮನೆಗೆ ಹೋಗಿ ಹೇಳಿದ್ದರೂ ಆಗುತ್ತಿತ್ತು. ಹೇಳಬೇಕೆಂದೇ ಹೋದೆ. ಹಿತ್ತಿಲಿಗೆ ಹೋಗಿ ಪಾತಿ ನೋಡಿದೆ. ಹಸಿರು ಇನ್ನಷ್ಟು ಕೆಳಕ್ಕೆ ಹಬ್ಬಿತ್ತು. ನಾಲ್ಕು ವರ್ಷದ ಕೆಲಸ ಇದು, ಇನ್ನೊಂದು ವಾರ ಬಿಟ್ಟರೆ ಕಹಿಯಾಗಿ ಹೋಗುತ್ತದೆ ಎಂದುಕೊಂಡೆ. ಬೆಟ್ಟ ಎಷ್ಟು ದೊಡ್ಡದು, ಮಂಗ ಸತ್ತದ್ದು ಆ ತುದಿಯಲ್ಲೋ ಏನೋ. ಒಂದೇ ಒಂದು ಹೊರೆ. ಊರಿನವರೆಲ್ಲ ಹೋಗುವುದಿಲ್ಲವೇ. ಒಳಗೆ ಬಂದು ಚಹಾ ಮಾಡಿ ಅತ್ತೆಗೊಂದು ಲೋಟ ಕೊಟ್ಟೆ. ಅವರು ಹಳೆಯ ಸೀರೆಯೊಂದನ್ನು ಹೊರೆ ಕಟ್ಟಲೆಂದು ಮಡಚಿ ಇಟ್ಟುಕೊಂಡಿದ್ದರು. ಅದನ್ನು ನೋಡಿದೆ. ನಾನು ಏನೂ ಹೇಳಲಿಲ್ಲ.

ಮಂಗಳವಾರ ಸಂಜೆ ಅಂಗಡಿಯಿಂದ ಬರುವಷ್ಟರಲ್ಲಿ ಪಾತಿ ಮುಚ್ಚಿತ್ತು. ಸಾಲಿನ ನಡುವೆ ಒಂದೇ ದಪ್ಪಕ್ಕೆ, ಒಂದು ಎಲೆಗೂ ನೋವಾಗದ ಹಾಗೆ ದರಕು ಹಾಸಿದ್ದರು. ದೊಡ್ಡ ಎಲೆಯನ್ನು ಕೈಯಲ್ಲಿ ಹರಿದು ಹಾಕಿದ್ದು ಕಾಣುತ್ತಿತ್ತು. ಮಗಳು ಆಗಲೇ ಅಲ್ಲಿ ಕೂತು ಎಲೆಯಡಿಯಲ್ಲಿ ಕ್ಯಾರೆಟ್ ಎಷ್ಟು ದಪ್ಪವಾಗಿದೆ ಎಂದು ಬೆರಳಿಂದ ಅಗೆದು ನೋಡುತ್ತಿದ್ದಳು. ಅತ್ತೆ ಬಚ್ಚಲ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಪಾದದ ಗಂಟಿನ ಹತ್ತಿರ ಏನನ್ನೋ ಉಗುರಿನಿಂದ ಕೀಳುತ್ತಿದ್ದರು.

"ಏನ್ರಿ ಅದು?"

"ಉಣುಗು. ಬೆಟ್ಟಕ್ಕೆ ಹೋದ್ರೆ ಹತ್ತದೇ ಇರ್ತ?" ಎಂದು ಅದನ್ನು ಕಲ್ಲಿನ ಮೇಲಿಟ್ಟು ಉಗುರಿನಲ್ಲಿ ಒತ್ತಿದರು. ಎಳ್ಳಿನಷ್ಟಿತ್ತು.

ಅವತ್ತಿನಿಂದ ನನ್ನ ಹೆದರಿಕೆಯ ದಿನಗಳು ಶುರುವಾದವು. ಮೊದಲು ಮಗಳನ್ನು ಎಳೆದುಕೊಂಡು ಹೋಗಿ ಬಿಸಿನೀರು ಹೊಯ್ದು, ತಲೆಯ ಕೂದಲನ್ನು ಎಳೆ ಎಳೆಯಾಗಿ ಬಿಡಿಸಿ ನೋಡಿದೆ. ಅವಳು ಅತ್ತಳು. ಗಂಡ ಸಿರಸಿಯಿಂದ ಕೆಲಸ ಮುಗಿಸಿ ಬಂದವನು, "ಎಂತ ಆತು?" ಎಂದು ಕೇಳಿದರೆ, "ಹೇನು" ಎಂದು ಸುಳ್ಳು ಹೇಳಿದೆ. ಎಲೆ ತೆಗೆದುಹಾಕಬೇಕೆಂದರೆ ಯಾಕೆ ಎಂದು ಹೇಳಬೇಕು. ಯಾಕೆ ಎಂದು ಹೇಳಿದರೆ ನಿನಗೆ ಮೊದಲೇ ಗೊತ್ತಿತ್ತೇ ಎಂದು ಕೇಳುತ್ತಾರೆ. ಅದಕ್ಕೆ ಎಲೆ ಅಲ್ಲೇ ಇತ್ತು. ಮಗಳಿಗೆ ಮಾತ್ರ ಹಿತ್ತಿಲಿಗೆ ಕಾಲಿಡಬೇಡ ಎಂದು ಗದರಿಸಿದೆ. ಕಾರಣ ಹೇಳಲಿಲ್ಲ.

ಒಗ್ಗರಣೆಗೆ ಸಾಸಿವೆ ಡಬ್ಬಿ ತೆಗೆದರೆ ಕಾಳುಗಳು ಓಡಾಡಿದ ಹಾಗೆ ಕಾಣುತ್ತಿತ್ತು. ದೋಸೆಯ ಮೇಲಿನ ಕಪ್ಪು ಚುಕ್ಕೆಯನ್ನು ಉಗುರಿನಿಂದ ಕೆರೆದು ನೋಡುತ್ತಿದ್ದೆ. ಅಂಗಡಿಯಲ್ಲಿ ಕೂತಿದ್ದಾಗ ಕಾಲಿನ ಮೇಲೆ ಏನೋ ಹರಿದಂತಾಗಿ ಗಿರಾಕಿಗಳ ಎದುರಿಗೇ ಸೀರೆ ಝಾಡಿಸಿದ್ದೂ ಉಂಟು. ಹಾಳೆಯಲ್ಲಿ ಜ್ವರ ಬರಲು ವಾರದಷ್ಟು ಹಿಡಿಯಬಹುದು ಎಂದಿತ್ತು. ಬೆರಳು ಮಡಚಿ ದಿನ ಎಣಿಸಿದೆ. ಬೆಳಗ್ಗೆ ಎದ್ದ ಕೂಡಲೇ ಅತ್ತೆಯ ಕೆಮ್ಮು, ಅತ್ತೆಯ ಹೆಜ್ಜೆ, ಅತ್ತೆ ಬಾವಿಯ ಹಗ್ಗ ಎಳೆಯುವ ಸದ್ದು, ಎಲ್ಲವನ್ನೂ ಕಿವಿಗೊಟ್ಟು ಕೇಳುತ್ತಿದ್ದೆ. ಹದಿನಾಲ್ಕು ವರ್ಷದಲ್ಲಿ ಅವರನ್ನು ಅಷ್ಟು ಗಮನ ಇಟ್ಟು ನೋಡಿದವಳಲ್ಲ. ಅವರು ಎಡಗಾಲನ್ನು ಸ್ವಲ್ಪ ಎಳೆದು ನಡೆಯುತ್ತಾರೆ ಎಂಬುದು ನನಗೆ ಗೊತ್ತಾದದ್ದೇ ಆ ವಾರ.

ಶುಕ್ರವಾರ ಕಳೆಯಿತು, ಶನಿವಾರ ಕಳೆಯಿತು. ಭಾನುವಾರ ಅತ್ತೆ ಎರಡು ದೋಸೆ ಹೆಚ್ಚಿಗೆ ತಿಂದರು. ನನಗೆ ಹಾಡು ಹೇಳುವಷ್ಟು ಖುಷಿಯಾಯಿತು.

ಸೋಮವಾರ ಬೆಳಗ್ಗೆ ಹಗ್ಗದ ಸದ್ದು ಕೇಳಲಿಲ್ಲ. ಕೋಣೆಗೆ ಹೋಗಿ ನೋಡಿದರೆ ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಹಣೆ ಮುಟ್ಟಿದೆ. ಕೈ ಹಿಂದಕ್ಕೆ ಎಳೆದುಕೊಳ್ಳುವಷ್ಟು ಸುಡುತ್ತಿತ್ತು.

"ತಲೆ ಒಡದು ಹೋದಂಗೆ ಆಗ್ತು ತಂಗಿ" ಎಂದರು, ಕಣ್ಣು ಬಿಡದೆ. "ಸೊಂಟಾನೂ ಹಿಡಕೈಂದು."

ಹಾಳೆಯ ಸಾಲುಗಳು ಒಂದೊಂದಾಗಿ ಕಣ್ಣಮುಂದೆ ಬಂದವು. ದಿಢೀರ್ ಜ್ವರ, ಬಂತು. ತಲೆನೋವು, ಬಂತು. ಸೊಂಟ, ಬಂತು. ಗಂಡ ಬಂದು, "ಚಳಿ ಜ್ವರ ಇರವು, ಕಷಾಯ ಕುಡಿಸು, ಆನು ಸಂಜೆ ಬೇಗ ಬರ್ತೆ" ಎಂದು ಬಸ್ಸಿಗೆ ಹೊರಟ. ಬಾಗಿಲಿನ ತನಕ ಅವನ ಹಿಂದೆ ಹೋದೆ. ಬಾಯಿಯ ತುದಿಗೆ ಬಂದ ಮಾತನ್ನು ನುಂಗಿಕೊಂಡು ವಾಪಸ್ ಬಂದೆ. ಹೌದು, ಆಗಲೂ. ಅತ್ತೆ ಸಾಯಬಹುದು ಎಂಬ ಹೆದರಿಕೆ ಒಂದು ಕಡೆ, ನನ್ನ ಬಗ್ಗೆ ಗೊತ್ತಾಗಿಬಿಡುತ್ತದೆ ಎಂಬ ಹೆದರಿಕೆ ಇನ್ನೊಂದು ಕಡೆ. ಆ ಒಂದು ಗಂಟೆ ಎರಡನೆಯದೇ ಗೆದ್ದಿತು.

ಕಷಾಯ ಕುಡಿಸಲು ಅತ್ತೆಯನ್ನು ಎಬ್ಬಿಸಿ ಕೂರಿಸಿದೆ. ಅವರು ಕಣ್ಣು ಬಿಟ್ಟರು. ಎರಡೂ ಕಣ್ಣು ಕೆಂಪಗಿದ್ದವು. ಲೋಟವನ್ನು ಅಲ್ಲೇ ನೆಲಕ್ಕಿಟ್ಟು ಆಟೋದವನಿಗೆ ಫೋನ್ ಮಾಡಿದೆ.

ಆಸ್ಪತ್ರೆಯಲ್ಲಿ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು. ಅತ್ತೆಯ ನಾಡಿ ನೋಡುತ್ತ, "ಕಾಡಿಗೇನಾದ್ರೂ ಹೋಗಿದ್ರಾ?" ಎಂದು ಕೇಳಿದರು. ಅತ್ತೆ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಡಾಕ್ಟರು ನನ್ನ ಮುಖ ನೋಡಿದರು.

"ಹೋಗಿದ್ರು ಸರ್. ದರಕು ತರಾಕ. ಮಂಗಳವಾರ. ಉಣುಗು ಕಚ್ಚಿತ್ತು, ನಾನ ನೋಡೇನಿ" ಎಂದೆ. ಕಳಿಸಿದ್ದೂ ನಾನೇ ಎನ್ನುವುದನ್ನು ಸೇರಿಸಲಿಲ್ಲ.

ರಕ್ತ ತೆಗೆದು ದೊಡ್ಡ ಲ್ಯಾಬಿಗೆ ಕಳಿಸಿದರು. ವರದಿ ಬರಲು ಎರಡು ದಿನ. ಆ ಎರಡು ದಿನ ನಾನು ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತು ಅತ್ತೆಯ ಬಾಯಿಯನ್ನೇ ನೋಡುತ್ತಿದ್ದೆ. ನೀರು ಕುಡಿಸುವ ನೆಪದಲ್ಲಿ ತುಟಿ ಸರಿಸಿ ವಸಡು ನೋಡುತ್ತಿದ್ದೆ. ಕೆಂಪಿದ್ದರೆ ಅದು ರಕ್ತವೋ, ವಸಡಿನ ಬಣ್ಣವೇ ಹಾಗೋ ತಿಳಿಯುತ್ತಿರಲಿಲ್ಲ. ನರ್ಸ್ ಒಬ್ಬರು, "ಅಮ್ಮಾ, ಅವರನ್ನ ಸ್ವಲ್ಪ ಮಲಗಲಿಕ್ಕೆ ಬಿಡಿ" ಎಂದು ಗದರಿದರು. ಜ್ವರದ ತಾಪದಲ್ಲಿ ಅತ್ತೆ ಏನೇನೋ ಬಡಬಡಿಸುತ್ತಿದ್ದರು, ಸತ್ತುಹೋದ ಮಾವನನ್ನು ಕರೆಯುತ್ತಿದ್ದರು, ಹೇರೂರಿನ ಮನೆಯ ದನದ ಹೆಸರು ಹಿಡಿದು ಕೂಗುತ್ತಿದ್ದರು. ಒಂದು ಸಲ ಸ್ಪಷ್ಟವಾಗಿ, "ಸಾಲಿನ ನಡುವೆ ಹಾಕವು, ಸುಳಿ ಮುಚ್ಚಲಾಗ" ಎಂದರು. ಕ್ಯಾರೆಟ್ ಪಾತಿಯ ಮಾತದು. ನಾನು ಎದ್ದು ಹೊರಗೆ ಹೋಗಿ ಕಾರಿಡಾರಿನ ನಲ್ಲಿಯ ಹತ್ತಿರ ನಿಂತು ಅತ್ತುಬಿಟ್ಟೆ.

ವರದಿ ಬಂತು. ಅದೇ ಕಾಯಿಲೆ.

ಡಾಕ್ಟರು ಗಂಡನನ್ನೂ ನನ್ನನ್ನೂ ಕರೆದು ಮೆಲ್ಲಗೆ ಹೇಳಿದರು, ಇದಕ್ಕೆಂದೇ ಬೇರೆ ಔಷಧಿ ಇಲ್ಲ, ಆರೈಕೆಯೇ ಔಷಧಿ, ವಯಸ್ಸಾಗಿದೆ, ನೋಡೋಣ ಎಂದು. ಆ "ನೋಡೋಣ" ಎನ್ನುವ ಮಾತು ನನಗೆ ಇವತ್ತಿಗೂ ಆಗುವುದಿಲ್ಲ. ಗಂಡ ಗೋಡೆಗೆ ಒರಗಿ ನಿಂತು, "ಆಯಿ ಈ ವಯಸ್ಸಲ್ಲಿ ಬೆಟ್ಟಕ್ಕೆ ಎಂತಕ್ಕೆ ಹೋಗಿತ್ತು? ಯಾರು ಹೋಗು ಹೇಳಿದ್ದು?" ಎಂದು ಕೇಳಿದ. ಯಾರನ್ನೂ ಕೇಳಿದ್ದಲ್ಲ, ಸಂಕಟಕ್ಕೆ ಬಂದ ಮಾತು. ಅಲ್ಲಿಯೇ ಹೇಳಿಬಿಟ್ಟೆ.

"ನಾನ ಕೇಳಿದ್ದೆ. ಗಜ್ಜರಿಗೆ ಹಾಕಾಕ. ಮಂಗ ಸತ್ತದ್ದು ನನಗ ಹಿಂದಿನ ದಿನಾನ ಗೊತ್ತಾಗಿತ್ತು. ಅವರಿಗೆ ಹೇಳಲಿಲ್ಲ."

ಅವನು ಬೈದಿದ್ದರೆ ಒಳ್ಳೆಯದಿತ್ತು. ನನ್ನನ್ನು ಒಂದು ಸಲ ನೋಡಿ, ಚಪ್ಪಲಿ ಹಾಕಿಕೊಂಡು, ಎಳನೀರು ತರುತ್ತೇನೆ ಎಂದು ಹೋದ. ಅಲ್ಲಿಂದ ಹತ್ತಿರಹತ್ತಿರ ಮೂರು ವಾರ ನನ್ನೊಂದಿಗೆ ಬೇಕಾದಷ್ಟೇ ಮಾತಾಡಿದ.

ಆ ಮಧ್ಯಾಹ್ನ ಮನೆಗೆ ಬಂದವಳು, ಉಣುಗು ಹತ್ತದಿರಲೆಂದು ಆಶಾ ಕಾರ್ಯಕರ್ತೆ ಕೊಟ್ಟಿದ್ದ ಎಣ್ಣೆಯನ್ನು ಕೈಗೆ ಕಾಲಿಗೆ ಹಚ್ಚಿಕೊಂಡು, ಉದ್ದ ಕೋಲಿನಿಂದ ಪಾತಿಯ ದರಕನ್ನೆಲ್ಲ ಎಳೆದು ಅಂಗಳದ ಮೂಲೆಗೆ ಗುಡ್ಡೆ ಹಾಕಿ ಬೆಂಕಿ ಹಚ್ಚಿದೆ. ಎಲೆ ಚಟಪಟ ಎನ್ನುವಾಗ ಅದರೊಳಗೆ ಎಷ್ಟು ಜೀವಗಳಿದ್ದವೋ ಎನಿಸಿತು. ಉರಿ ಆರುವವರೆಗೆ ಅಲ್ಲಿಂದ ಕದಲಲಿಲ್ಲ. ಪಾತಿಯ ಕಡೆ ತಿರುಗಿದರೆ ಕ್ಯಾರೆಟ್‌ಗಳು ಬಲು ಚೆಂದ ಬಂದಿದ್ದವು. ಹೆಗಲಿನ ಹಸಿರು ನಿಂತಿತ್ತು. ಅವನ್ನೆಲ್ಲ ಕಿತ್ತು ಬಿಸಾಡಬೇಕೆನಿಸಿತು, ಮುಟ್ಟಲು ಮನಸ್ಸಾಗಲಿಲ್ಲ.

ಅತ್ತೆಯ ಜ್ವರ ಎಂಟನೆಯ ದಿನ ಇಳಿಯಿತು. ಸೋತು ಹಗ್ಗದಂತಾಗಿದ್ದರು, ಆದರೆ ಮಾತು ನೆಟ್ಟಗಾಗಿತ್ತು, ಗಂಜಿಗೆ ಉಪ್ಪು ಕಡಿಮೆ ಎನ್ನುವಷ್ಟು. ಮನೆಗೆ ಕಳಿಸುವಾಗ ಡಾಕ್ಟರು ಇನ್ನೊಂದು ಮಾತು ಹೇಳಿದರು. ಕೆಲವರಿಗೆ ಒಂದೆರಡು ವಾರ ಬಿಟ್ಟು ಜ್ವರ ಮತ್ತೆ ಮರುಕಳಿಸುತ್ತದೆ, ಆಗ ತಲೆಗೆ ಏರುವುದುಂಟು, ಎಚ್ಚರದಿಂದಿರಿ ಎಂದು. ಇಳಿದ ಹೆದರಿಕೆ ಪುನಃ ಹತ್ತಿ ಕೂತಿತು. ಥರ್ಮಾಮೀಟರ್ ತಂದೆ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಇಟ್ಟು ನೋಡುತ್ತಿದ್ದೆ. ಅತ್ತೆ ತಡೆದುಕೊಂಡರು. ಆರನೆಯ ದಿನವೋ ಏಳನೆಯ ದಿನವೋ, ಜಗುಲಿಯಲ್ಲಿ ಬಿಸಿಲಿಗೆ ಕೂತಿದ್ದವರ ಬಾಯಿಗೆ ಅದನ್ನು ಇಡಲು ಹೋದಾಗ ನನ್ನ ಕೈ ಹಿಡಿದುಕೊಂಡು, "ಎಂತಕ್ಕೆ ಇಷ್ಟು ಹೆದರ್ತೆ ನೀನು?" ಎಂದರು.

ಇನ್ನು ತಡೆಯಲು ಆಗಲಿಲ್ಲ. ಅವರ ಕಾಲಿನ ಹತ್ತಿರ ಕೂತುಬಿಟ್ಟೆ.

"ಅತ್ತಿ, ನನಗ ಗೊತ್ತಿತ್ರಿ. ಬೆಟ್ಟದಾಗ ಮಂಗ ಸತ್ತದ್ದು. ಆ ಹಾಳಿ ನೂರು ಕಾಪಿ ತಗದವಳು ನಾನ. ಸೋಮವಾರ ಸಂಜಿಗೆ ನಿಮಗ ಚಾ ಕೊಟ್ಟೆ, ಆದ್ರ ಇದನ್ನ ಹೇಳಲಿಲ್ಲ. ಗಜ್ಜರಿ ಹಾಳಾಗ್ತಾವ ಅಂತ ಹೇಳಲಿಲ್ರಿ."

ಅತ್ತೆ ಏನೂ ಆಗದವರ ಹಾಗೆ, "ಯಂಗೂ ಗೊತ್ತಿತ್ತು" ಎಂದರು.

ಅವರಿಗೂ ಗೊತ್ತಿತ್ತೇ? ನಾನು ತಲೆಯೆತ್ತಿ ನೋಡಿದೆ.

"ಆ ಆಶಾ ಕೂಸು ನಿನ್ನ ಅಂಗಡಿಗೆ ಬಪ್ಪ ಮೊದಲೇ ನಮ್ಮನೆಗೆ ಬಂದು ಹೇಳಿಕ್ಕೆ ಹೋಗಿತ್ತು. ಬೆಟ್ಟಕ್ಕೆ ಹೋಗಡಿ ಅಜ್ಜಿ, ದರಕು ತರಡಿ ಹೇಳಿ ಎರಡೆರಡು ಸಲ ಹೇಳ್ತು."

"ಮತ್ಯಾಕ ಹೋದ್ರಿ?"

ಅವರಿಗೆ ಈ ಪ್ರಶ್ನೆಯೇ ವಿಚಿತ್ರವೆನಿಸಿದ ಹಾಗೆ ಕಂಡಿತು.

"ನೀನು ಕೇಳಿದ್ಯಲೆ ತಂಗಿ" ಎಂದರು. "ಈ ಮನೆಗೆ ಬಂದು ಹದಿನಾಲ್ಕು ವರ್ಷ ಆತು, ಯನ್ನ ಹತ್ರ ಒಂದೂ ಕೇಳಿದ್ದಿಲ್ಲೆ. ನೀ ಕೇಳಿದ್ದು ಅದೊಂದೇ. ಆಗ್ತಿಲ್ಲೆ ಹೇಳಿದ್ರೆ ಮತ್ತೆ ಕೇಳ್ತಿದ್ಯ?"

ಆ ಮೂರು ವಾರಗಳಲ್ಲಿ ನಾನು ಬಗೆಬಗೆಯಾಗಿ ಹೆದರಿದ್ದೆ. ಉಣುಗಿಗೆ ಹೆದರಿದ್ದೆ, ಕೆಂಪು ಕಣ್ಣಿಗೆ, ವರದಿಗೆ, ಗಂಡನಿಗೆ ಹೆದರಿದ್ದೆ. ಆದರೆ ಆ ಬಿಸಿಲಿನಲ್ಲಿ ಕೂತಾಗ ಆದಂಥ ಹೆದರಿಕೆ ಅವುಗಳಲ್ಲಿ ಯಾವುದರಿಂದಲೂ ಆಗಿರಲಿಲ್ಲ. ನಾನು "ಆತು, ಏನೂ ಬ್ಯಾಡ್ರಿ" ಎಂದು ಖುಷಿಪಟ್ಟ ದಿನಗಳಷ್ಟೂ ಈಕೆ ಅಡುಗೆಮನೆಯ ಬಾಗಿಲಲ್ಲಿ ಕಾದಿದ್ದರು. ಕೊನೆಗೊಂದು ದಿನ ನಾನು ಬಾಯಿ ತೆಗೆದು ಕೇಳಿದಾಗ, ಸಾವು ಇದೆ ಎಂದು ಗೊತ್ತಿದ್ದ ಬೆಟ್ಟಕ್ಕೆ ಹಳೆಯ ಸೀರೆ ಹಿಡಿದು ನಡೆದಿದ್ದರು. ಥರ್ಮಾಮೀಟರ್ ಕೈಯಲ್ಲೇ ಇತ್ತು.

ಅತ್ತೆಯೇ ಮಾತು ತಿರುಗಿಸಿದರು. "ಆ ಕ್ಯಾರೆಟ್ಟು ಎಂತ ಮಾಡ್ದೆ?"

"ಕಿತ್ತಿಲ್ರಿ. ನನಗ ತಿನ್ನಾಕ ಆಗೂದಿಲ್ಲ."

"ಹಂಗಂದ್ರೆ ಹೇಂಗೆ? ಅದ್ರ ಸಲುವಾಗಿ ಇಷ್ಟೆಲ್ಲ ಆತು, ರುಚಿನಾದ್ರೂ ನೋಡನ. ಕಿತ್ಕ ಬಾ."

ಕಿತ್ತು, ಬಾವಿಯ ನೀರಿನಲ್ಲಿ ತೊಳೆದು ತಂದೆ. ಗೇಣುದ್ದ, ನೆಟ್ಟಗೆ, ಒಂದೇ ಕಾಲು. ಶ್ರಾದ್ಧಕ್ಕಾಗದ ಆ ತರಕಾರಿಯನ್ನು ಅತ್ತೆ ಹಸಿಯಾಗಿಯೇ ಮುಂದಿನ ಹಲ್ಲಿನಲ್ಲಿ ಕಡಿದು, ತುಂಬ ಹೊತ್ತು ಜಗಿದು, "ಸೀ ಇದ್ದು" ಎಂದರು. ನಾನು ತಿನ್ನಲಿಲ್ಲ, ಅವರ ವಸಡನ್ನೇ ನೋಡುತ್ತಿದ್ದೆ.

ಜ್ವರ ಮರುಕಳಿಸಲಿಲ್ಲ. ಎರಡು ವಾರ ಮುಗಿದ ದಿನ ಗಂಡ ನನ್ನ ಜೊತೆ ಮೊದಲಿನ ಹಾಗೆ ಮಾತಾಡಿದ. ಈ ವರ್ಷವೂ ದೀಪಾವಳಿ ಮುಗಿದ ಮೇಲೆ ಕ್ಯಾರೆಟ್ ಹಾಕಿದ್ದೇವೆ, ಹೆಗಲು ಹೊರಗೆ ಬಂದರೆ ನಾನೇ ಮಣ್ಣು ಜರಡಿ ಹಿಡಿದು ಏರಿಸುತ್ತೇನೆ. ಸೊಂಟ ಬಿದ್ದುಹೋದರೆ ಹೋಗಲಿ.

ಆದರೆ ಆ ಹೆದರಿಕೆ ಹೋಗಿಲ್ಲ. ಏನನ್ನಾದರೂ ಕೇಳಿದರೆ ಈಕೆ ಹೋಗಿಯೇ ಹೋಗುತ್ತಾರೆ ಎಂದು ಈಗ ನನಗೆ ಗೊತ್ತಿದೆ. ಇನ್ನು ಏನೂ ಕೇಳದೆಯೇ ಇದ್ದುಬಿಡೋಣ ಎಂದು ಮೊದಲು ಯೋಚಿಸಿದೆ. ಅದು ಇನ್ನೂ ಅಪಾಯ ಎಂದು ಆಮೇಲೆ ಹೊಳೆಯಿತು. ಅದಕ್ಕೇ ಈಗ ದಿನವೂ ಕೇಳುತ್ತೇನೆ. ದಿನಕ್ಕೆ ನಾಲ್ಕು ಸಲ, ಐದು ಸಲ, ಸಣ್ಣಸಣ್ಣದನ್ನು, ಮನೆಯ ಹೊಸಿಲು ದಾಟಬೇಕಾಗದ್ದನ್ನು. ನನ್ನ ಒಂದು ಕೇಳಿಕೆಗೆ ಇನ್ನೆಂದೂ ಅಷ್ಟು ಬೆಲೆ ಬರಬಾರದು.

ಇವತ್ತು ಬೆಳಗ್ಗೆಯೂ ಬಾಣಲೆಯಲ್ಲಿ ಎಣ್ಣೆ ಕಾಯಿಸಿ ಕೂಗಿದೆ, "ಅತ್ತೀ, ಒಗ್ಗರಣಿಗೆ ಸಾಸವಿ ಎಷ್ಟು ಹಾಕ್ಲಿ?"

ಎಡಗಾಲು ಎಳೆಯುವ ಹೆಜ್ಜೆ ಅಡುಗೆಮನೆಯ ಕಡೆ ಬಂತು. "ಇಷ್ಟು ವರ್ಷ ಆತು, ಇನ್ನೂ ಗೊತ್ತಾಜಿಲ್ಯ ನಿಂಗೆ?"

"ಇಲ್ರಿ," ಎಂದೆ, ಡಬ್ಬಿಯನ್ನು ಅವರ ಕೈಗೆ ಕೊಡುತ್ತ. "ನೀವ ಹಾಕ್ರಿ."